ಮೇಷ್ಟ್ರ ಕ್ಯಾರಿ ಆನ್

ಊರಿನ ಅರ್ಧದಷ್ಟು ಜನಕ್ಕೆ ಇಂಗ್ಲಿಷ್ ಕಲಿಸಿದ ಮೇಷ್ಟ್ರ ಬಾಯಲ್ಲಿ ಕೊನೆಗೆ ಉಳಿದದ್ದು ಎರಡೇ ಎರಡು ಪದ. ಕ್ಯಾರಿ ಆನ್. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದವರು ಬಚ್ಚಲುಮನೆಯಲ್ಲೇ ಕುಸಿದರು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲುಗಳಲ್ಲಿ ಜೀವವಿರಲಿಲ್ಲ, ನಾಲಿಗೆಯ ಮೇಲೆ ಮಾತಿರಲಿಲ್ಲ. ಹುಟ್ಟಿದಾಗಿನಿಂದ ಆಡಿದ ಮನೆಮಾತು ಹೋಗಿತ್ತು, ಓದಿ ಕಲಿತ ಇಂಗ್ಲಿಷೂ ಹೋಗಿತ್ತು. ಹೆಂಡತಿಯ ಹೆಸರು ಹೋಗಿತ್ತು. ನೀರು, ಅನ್ನ, ಹೌದು, ಇಲ್ಲ, ಎಲ್ಲವೂ ಹೋಗಿ, ಪಾತ್ರೆಯ ತಳಕ್ಕೆ ಅಂಟಿಕೊಂಡ ಅಗುಳಿನ ಹಾಗೆ ಈ ಎರಡು ಪದ ಮಾತ್ರ ಅದು ಹೇಗೋ ಉಳಿದುಕೊಂಡಿದ್ದವು. ಬಾಯಾರಿದರೂ ಕ್ಯಾರಿ ಆನ್, ಸಿಟ್ಟು ಬಂದರೂ ಕ್ಯಾರಿ ಆನ್.

"ಮಿದುಳಲ್ಲಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ," ಎಂದಿದ್ದರು ಡಾಕ್ಟರು. "ನಾವು ಹೇಳೋದು ಅವರಿಗೆ ಸುಮಾರಾಗಿ ಅರ್ಥ ಆಗತ್ತೆ. ತಾವು ಹೇಳೋಕೆ ಹೋದ್ರೆ ಮಾತ್ರ ಇದೊಂದೇ ಬರತ್ತೆ. ಕಾಯಬೇಕು."

ಕಾಯುವ ಕೆಲಸ ಮೇಷ್ಟ್ರ ಹೆಂಡತಿಯ ಪಾಲಿಗೆ ಬಂತು. ಆಕೆಯನ್ನು ಬೀದಿಯವರೆಲ್ಲ ಗುಂಡಿಯಮ್ಮ ಎಂದು ಕರೆಯುತ್ತಿದ್ದರು. ಸಮವಸ್ತ್ರ ಹೊಲಿಯುವ ಅಂಗಡಿಯೊಂದರಿಂದ ಅಂಗಿಗಳನ್ನು ಕಟ್ಟುಕಟ್ಟಾಗಿ ಮನೆಗೆ ತರಿಸಿಕೊಂಡು, ಕಾಜಾ ಹೊಲಿದು ಗುಂಡಿ ಹಚ್ಚಿ ಕೊಡುವುದು ಆಕೆಯ ಕೆಲಸ. ಮೇಷ್ಟ್ರ ಪಾಠ ಕೇಳುತ್ತಿದ್ದ ಮಕ್ಕಳ ಎದೆಯ ಮೇಲಿನ ಗುಂಡಿಗಳೆಲ್ಲ ಆಕೆ ಹಚ್ಚಿದವೇ. ಗಂಡ ಹೆಂಡತಿ ಸೇರಿ ಒಳಗೂ ಹೊರಗೂ ಮಕ್ಕಳನ್ನು ತಯಾರು ಮಾಡ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ.

ಕ್ಯಾರಿ ಆನ್ ಎಂದರೆ ಮುಂದುವರಿಸು, ಮಾಡುತ್ತಾ ಹೋಗು ಎಂದರ್ಥ. ಅದು ಆ ಊರಿನಲ್ಲಿ ಹಾದಿಬೀದಿಯವರಿಗೂ ಗೊತ್ತಿತ್ತು. ಗೊತ್ತಾಗುವ ಹಾಗೆ ಮಾಡಿದವರು ಮೇಷ್ಟ್ರೇ. ಅವರ ಪಾಠದ ರೀತಿಯೇ ಹಾಗೆ. ಕರಿಹಲಗೆಯ ಮೂಲೆಯಲ್ಲಿ ದಿನಕ್ಕೊಂದು ಜೋಡಿ ಪದ ಬರೆಯುವರು. ಗಿವ್ ಅಪ್. ಪುಟ್ ಆಫ್. ಲುಕ್ ಆಫ್ಟರ್. ಕ್ಯಾರಿ ಆನ್. ಇಂಗ್ಲಿಷಿನ ಕೀಲಿಕೈ ಇರುವುದು ದೊಡ್ಡ ಪದಗಳಲ್ಲಲ್ಲ, ಈ ಪುಟ್ಟ ಜೋಡಿಗಳಲ್ಲಿ ಎಂಬುದು ಅವರ ವಾದ. ಮರುದಿನ ಪ್ರತಿಯೊಬ್ಬರೂ ಆ ಜೋಡಿಯನ್ನು ಸರಿಯಾಗಿ ಬಳಸಿ ಐದು ವಾಕ್ಯ ತರಬೇಕು. ಗೈಡಿನಿಂದ ಇಳಿಸುವ ಹಾಗಿಲ್ಲ. ಅದಕ್ಕಿಂತ ಕಷ್ಟದ ಷರತ್ತು ಇನ್ನೊಂದಿತ್ತು: ವಾಕ್ಯ ನಿಜವಾಗಿರಬೇಕು. ಸುಳ್ಳು ವಾಕ್ಯದಲ್ಲಿ ವ್ಯಾಕರಣ ಸರಿಯಿದ್ದರೆ ಯಾರಿಗೇನು ಬಂತು ಎನ್ನುವರು. ಹೀಗಾಗಿ ಮಕ್ಕಳು ಬೇರೆ ದಾರಿಯಿಲ್ಲದೆ ತಮ್ಮ ತಮ್ಮ ಮನೆಗಳನ್ನೇ ಕೆದಕುತ್ತಿದ್ದರು. ನಮ್ಮಪ್ಪ ಕುಡಿಯುವುದನ್ನು ಗಿವ್ ಅಪ್ ಮಾಡಿದರು, ಆಮೇಲೆ ಗಿವ್ ಅಪ್ ಮಾಡುವುದನ್ನೇ ಗಿವ್ ಅಪ್ ಮಾಡಿದರು ಎಂದು ಒಬ್ಬ. ಅಜ್ಜಿಯ ಕಣ್ಣಿನ ಆಪರೇಷನ್ನನ್ನು ದೊಡ್ಡಪ್ಪ ಮತ್ತೆ ಪುಟ್ ಆಫ್ ಮಾಡಿದ್ದಾರೆ ಎಂದು ಇನ್ನೊಬ್ಬಳು. ಮೇಷ್ಟ್ರು ಕ್ರಿಯಾಪದವನ್ನು ಮಾತ್ರ ತಿದ್ದಿ, ಉಳಿದದ್ದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಊರಿನ ಎಷ್ಟು ಮನೆಗಳ ಗುಟ್ಟು ಆ ಹೊಟ್ಟೆಯಲ್ಲಿತ್ತೋ, ಒಂದೂ ಹೊರಗೆ ಬರಲಿಲ್ಲ. ಜನ ಅವರನ್ನು ಅಷ್ಟು ಹಚ್ಚಿಕೊಂಡಿದ್ದು ಇಂಗ್ಲಿಷಿಗಿಂತ ಹೆಚ್ಚಾಗಿ ಇದಕ್ಕೇ.

ಇಷ್ಟೆಲ್ಲ ಆದರೂ ಮನೆಯೊಳಗಿನ ಒಬ್ಬಳಿಗೆ ಮಾತ್ರ ಆ ಪಾಠ ಸಿಗಲಿಲ್ಲ. ಮದುವೆಯಾದ ಹೊಸದರಲ್ಲಿ ಗುಂಡಿಯಮ್ಮ, "ನಂಗೂ ಸ್ವಲ್ಪ ಹೇಳಿಕೊಡಿ," ಎಂದು ಕೇಳಿದ್ದಳು. ಮೇಷ್ಟ್ರು ಖುಷಿಯಾಗಿ ಲುಕ್ ಆಫ್ಟರ್ ಕೊಟ್ಟು, ನೋಡಿಕೊಳ್ಳುವುದು ಎಂದು ಅರ್ಥ ಹೇಳಿ, ಐದು ವಾಕ್ಯ ಮಾಡು ಎಂದರು. ಆಕೆ ನಗುತ್ತಾ, "ನಾನು ನಿಮ್ಮನ್ನ ನೋಡ್ಕೋತೀನಿ, ಅದನ್ನೇ ಐದು ಸಲ ಬರ್ಕೊಳ್ಳಿ," ಎಂದಳು. ಮೇಷ್ಟ್ರಿಗೆ ಪಾಠದ ಹೊತ್ತಿನಲ್ಲಿ ತಮಾಷೆ ಸೇರುತ್ತಿರಲಿಲ್ಲ. ಅಭ್ಯಾಸಬಲದಿಂದ ಅಡಿಕೋಲನ್ನು ಮೇಜಿಗೆ ಬಡಿದರು. ಆಕೆ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದವಳು ಆ ಮೇಜಿನ ಹತ್ತಿರ ಮತ್ತೆ ಕೂರಲಿಲ್ಲ. ಮೇಷ್ಟ್ರು ಅದನ್ನು ಅವತ್ತೇ ಮರೆತಿರಬೇಕು. ಆಕೆಯೇನೂ ದ್ವೇಷ ಸಾಧಿಸಲಿಲ್ಲ, ಆದರೆ ಮರೆಯಲೂ ಇಲ್ಲ.

ಈಗ ಮೇಷ್ಟ್ರು ಹಾಸಿಗೆ ಹಿಡಿದ ಮೇಲೆ ಹಳೆಯ ವಿದ್ಯಾರ್ಥಿಗಳು ಸಾಲುಗಟ್ಟಿ ಬರತೊಡಗಿದರು. ಪೊಲೀಸಿನವನು, ಔಷಧಿ ಅಂಗಡಿಯವನು, ಬಸ್ಸಿನ ಕಂಡಕ್ಟರು, ಸಂಸಾರವಂದಿಗರಾದ ಹೆಣ್ಣುಮಕ್ಕಳು. ಎಲ್ಲರೂ ತಲೆಗೂದಲು ನೆರೆತವರೇ. ಆದರೆ ಮೇಷ್ಟ್ರು ಕ್ಯಾರಿ ಆನ್ ಎಂದ ಕೂಡಲೇ ಅವರಿಗೇನಾಗುತ್ತಿತ್ತೋ, ಎದ್ದು ನಿಂತು ಕೈಕಟ್ಟಿ ವಾಕ್ಯ ಹೇಳಿಬಿಡುತ್ತಿದ್ದರು. ಅಪ್ಪ ತೀರಿಕೊಂಡ ಮೇಲೂ ನಾನು ಅಂಗಡಿಯನ್ನು ಕ್ಯಾರಿ ಆನ್ ಮಾಡಿದೆ ಎಂದು ಔಷಧಿ ಅಂಗಡಿಯವನು ಇಂಗ್ಲಿಷಿನಲ್ಲಿ ಹೇಳುವನು. ಮಂಡಿನೋವಿದ್ದರೂ ಕ್ಯಾರಿ ಆನ್ ಮಾಡುತ್ತಿದ್ದೇನೆ ಎಂದು ಕಂಡಕ್ಟರು. ನಿಜವಾದ ವಾಕ್ಯಗಳೇ, ಷರತ್ತನ್ನು ಅವರು ಮರೆತಿರಲಿಲ್ಲ. ಹೇಳಿ ಮೇಷ್ಟ್ರ ಮುಖವನ್ನೇ ನೋಡುತ್ತಾ ನಿಲ್ಲುವರು. ಮೇಷ್ಟ್ರು ಇನ್ನೂ ಜೋರಾಗಿ, "ಕ್ಯಾರಿ ಆನ್," ಎಂದರೆ, ಇನ್ನೊಂದು ವಾಕ್ಯ ಕೇಳುತ್ತಿದ್ದಾರೆ ಎಂದುಕೊಂಡು ಇನ್ನೊಂದು ಹೇಳುವರು.

ಒಂದು ಭಾನುವಾರ ಹೀಗೇ ಮೂವರು ಸರದಿಯಂತೆ ವಾಕ್ಯ ಒಪ್ಪಿಸುತ್ತಿದ್ದರು. ಗುಂಡಿಯಮ್ಮ ಒಳಗೆ ಟೀ ಮಾಡುತ್ತಿದ್ದಳು. ಹೊರಗಿನ ಕ್ಯಾರಿ ಆನ್ ಒಂದು ತೆರನಾಗಿ ಏರುತ್ತಿದ್ದುದು ಕೇಳಿ, ಲೋಟಗಳನ್ನು ಅಲ್ಲೇ ಬಿಟ್ಟು ಓಡಿಬಂದಳು. ಅಷ್ಟರಲ್ಲಿ ಹೊದಿಕೆ ಒದ್ದೆಯಾಗಿತ್ತು. ಮೇಷ್ಟ್ರು ಇಷ್ಟು ಹೊತ್ತೂ ಕೇಳುತ್ತಿದ್ದುದು ಉಚ್ಚೆಯ ಪಾತ್ರೆ. ಶಿಷ್ಯರು ಬೆಕ್ಕಿನ ಹೆಜ್ಜೆ ಇಟ್ಟು ಹೊರಗೆ ಹೋದರು. ಮೇಷ್ಟ್ರ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಬಟ್ಟೆ ಬದಲಾಯಿಸುತ್ತಾ ಆಕೆ, "ಅವರಿಗೇನ್ರೀ ಗೊತ್ತಾಗತ್ತೆ, ನೀವೇ ಹಾಗೆ ಕಲಿಸಿಟ್ಟಿದೀರಿ," ಎಂದಳು. ಸಮಾಧಾನಕ್ಕೆಂದು ಹೇಳಿದ ಮಾತು ಬೈದ ಹಾಗೆ ಕೇಳಿಸಿತು.

ಆಕೆಗೆ ಗೊತ್ತಾಗುತ್ತಿತ್ತು. ಇಂಗ್ಲಿಷ್ ಬಾರದ ಕಾರಣ ಆಕೆಗೆ ಆ ಪದಗಳ ಹಂಗಿರಲಿಲ್ಲ. ಹಸುಗೂಸಿನ ಅಳುವನ್ನು ಕೇಳುವ ಹಾಗೆ ಬರೀ ದನಿಯನ್ನು ಕೇಳುತ್ತಿದ್ದಳು. ಕೊನೆಯನ್ನು ಎಳೆದರೆ ಪಾತ್ರೆ ಬೇಕು. ಬಾಯೊಳಗೇ ಗೊಣಗಿದರೆ ಮಗ್ಗುಲು ಬದಲಿಸಬೇಕು. ಚುಟುಕಾಗಿ ಕತ್ತರಿಸಿದರೆ ರೇಡಿಯೋ ಸದ್ದು ಹೆಚ್ಚಾಯಿತು. ಮುಖವನ್ನು ಗೋಡೆಗೆ ತಿರುಗಿಸಿ ಹೇಳಿದರೆ ಬೇಡ ಎಂದು. ಹತ್ತರಲ್ಲಿ ಏಳೆಂಟು ಸಲ ಸರಿಹೋಗುತ್ತಿತ್ತು. ಉಳಿದ ಸಲ ಇಬ್ಬರೂ ಸೋತು ಸುಮ್ಮನಾಗುತ್ತಿದ್ದರು. ಅಂಥ ಹೊತ್ತಿನಲ್ಲಿ ಆಕೆ ಅಂಗಿಯೊಂದನ್ನು ಎತ್ತಿಕೊಂಡು ಕಾಜಾ ಹೊಲಿಯಲು ಕೂರುವಳು, ಅವರು ಸೂರು ನೋಡುವರು.

ಹೀಗೆ ಹೇಗೋ ದಿನ ದೂಡಬಹುದಿತ್ತು. ಆದರೆ ಮೇಷ್ಟ್ರು ಎತ್ತರದ ಆಳು, ಗುಂಡಿಯಮ್ಮ ಅವರ ಭುಜಕ್ಕೂ ಬಾರದವಳು. ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಎತ್ತಿ, ಒಂದು ದಿನ ಅವರನ್ನು ತಬ್ಬಿ ಎಬ್ಬಿಸುತ್ತಿದ್ದಾಗ ಸೊಂಟದಲ್ಲಿ ಏನೋ ಕಳಚಿದಂತಾಯಿತು. ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದರು. ಅವರು ಮೇಲೆ, ಆಕೆ ಕೆಳಗೆ. ಎದ್ದೇಳಲು ಆಗಲಿಲ್ಲ, ಕೂಗಿದರೆ ಕೇಳುವವರೂ ಇರಲಿಲ್ಲ. ಮೇಷ್ಟ್ರು ಆಕೆಯ ಕಿವಿಯಲ್ಲೇ ಕ್ಯಾರಿ ಆನ್, ಕ್ಯಾರಿ ಆನ್ ಎನ್ನುತ್ತಿದ್ದರು. ಆ ದನಿಗೆ ಅರ್ಥ ಹುಡುಕುವ ಅಗತ್ಯವೇ ಇರಲಿಲ್ಲ, ಅವರಿಗೆ ಭಯವಾಗಿತ್ತು. ಬಟ್ಟೆಯ ಗಂಟು ತರುವ ಅಂಗಡಿಯವನು ಬಂದು ಬಾಗಿಲು ತಟ್ಟುವ ತನಕ ಹಾಗೇ ಬಿದ್ದಿದ್ದರು.

ಬೆನ್ನುಮೂಳೆಯ ಬಿಲ್ಲೆಯೊಂದು ಜಾರಿದೆ, ಇನ್ನೊಮ್ಮೆ ಭಾರ ಎತ್ತಿದರೆ ನೀವೂ ಅವರ ಪಕ್ಕದಲ್ಲಿ ಮಂಚ ಹಾಕಿಕೊಳ್ಳಬೇಕಾಗುತ್ತದೆ ಎಂದರು ಡಾಕ್ಟರು. ಸೊಂಟಕ್ಕೆ ಅಗಲವಾದ ಪಟ್ಟಿ ಬಂತು. ಮನೆಗೆ ಆಳು ಇಟ್ಟು ನೋಡಿದ್ದಾಯಿತು. ಬಂದವರು ಬಂದ ಹಾಗೇ ಹೋದರು. ಆಗ ಮೇಷ್ಟ್ರ ತಂಗಿ ಬಂದಳು. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು, ಆದರೆ ಕಷ್ಟಕ್ಕೆ ಹೆಗಲು ಕೊಡುವವಳು. ಎರಡು ದಿನ ಅಣ್ಣನನ್ನು ತಾನೇ ಎತ್ತಿಳಿಸಿ ನೋಡಿ, ಮೂರನೆಯ ದಿನ ಅತ್ತಿಗೆಯ ಪಕ್ಕದಲ್ಲಿ ಕೂತಳು.

"ಅತ್ತಿಗೆ, ಇದು ಆಗಲ್ಲ. ಹೊಸ ಬಡಾವಣೆಯಲ್ಲಿ ಆರೈಕೆ ಮನೆ ಇದೆಯಲ್ಲ, ಅದನ್ನ ನಡೆಸೋನು ಅಣ್ಣನ ಶಿಷ್ಯನೇ. ದೇವರ ಹಾಗೆ ನೋಡ್ಕೋತೀನಿ ಅಂತಾನೆ."

"ಅವರ ಭಾಷೆ ಅಲ್ಲಿ ಯಾರಿಗೆ ತಿಳಿಯತ್ತಮ್ಮ?"

"ಯಾವ ಭಾಷೆ ಅತ್ತಿಗೆ? ಇರೋದೇ ಎರಡು ಪದ."

ಮರುದಿನ ಆರೈಕೆ ಮನೆಯ ಮ್ಯಾನೇಜರು ಬಂದರು. ಮಾತು ಮೆತ್ತಗೆ, ಕೈ ಇನ್ನೂ ಮೆತ್ತಗೆ. ಮೇಷ್ಟ್ರ ಮಂಚದ ಪಕ್ಕ ಮಂಡಿಯೂರಿ ಕೂತು, ಅವರ ಎಡಗೈ ಹಿಡಿದುಕೊಂಡು ಕೇಳಿದರು. "ಸಾರ್, ನಮ್ಮ ಹತ್ರ ಬಂದು ಇರ್ತೀರಾ? ನಿಮ್ಮನ್ನ ಕರ್ಕೊಂಡು ಹೋಗೋ ಏರ್ಪಾಡು ಮಾಡ್ಲಾ?"

ಮೇಷ್ಟ್ರು ಬಹಳ ಹೊತ್ತು ಅವರನ್ನೇ ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, "ಕ್ಯಾರಿ ಆನ್," ಎಂದರು.

ಮ್ಯಾನೇಜರ ಕಣ್ಣು ತುಂಬಿತು. "ನೋಡಿ ಅಮ್ಮ, ಅವರೇ ಹೇಳಿದ್ರು, ಮುಂದುವರಿಸು ಅಂತ."

"ಇಲ್ಲಪ್ಪ," ಎಂದಳು ಗುಂಡಿಯಮ್ಮ. "ಅದು ಬೇಡ ಅಂದಿದ್ದು. ಬೇಡ ಅನ್ನೋವಾಗ ಅವರು ಗೋಡೆ ಕಡೆ ತಿರುಗ್ತಾರೆ."

ಮ್ಯಾನೇಜರು ಮೇಷ್ಟ್ರ ತಂಗಿಯನ್ನು ನೋಡಿದರು. ಆಕೆ ಅತ್ತಿಗೆಯ ಭುಜದ ಮೇಲೆ ಕೈಯಿಟ್ಟು, "ನಿಮ್ಮ ಮನಸ್ಸಲ್ಲಿರೋದನ್ನ ಅಣ್ಣನ ಬಾಯಿಗೆ ಹಾಕ್ತಾ ಇದೀರಿ ಅತ್ತಿಗೆ," ಎಂದಳು.

ಗುಂಡಿಯಮ್ಮ ಗಂಡನ ಕಡೆ ನೋಡಿದಳು. ಗೋಡೆಯ ಕಡೆ ತಿರುಗಿದ್ದು ನಿಜ. ಆದರೆ ಅಳು ಬಂದದ್ದನ್ನು ಶಿಷ್ಯನಿಗೆ ತೋರಿಸಬಾರದೆಂದು ತಿರುಗಿರಬಹುದಲ್ಲವೇ? ಹೆಂಡತಿಯ ಸೊಂಟ ಮುರಿಯುವುದು ಬೇಡ ಎಂದು ಒಪ್ಪಿಕೊಂಡೇ ಹೇಳಿರಬಹುದಲ್ಲವೇ? ಏಳೆಂಟು ಸಲ ಸರಿಯಾಗುವ ತನ್ನ ಲೆಕ್ಕ ಇವತ್ತೇ ತಪ್ಪಿದ್ದರೆ? ಆಕೆ ಪ್ರಮಾಣ ಮಾಡಿ ಹೇಳಲಾರದೆ ಹೋದಳು. ಅಷ್ಟಕ್ಕೇ ಎಲ್ಲ ತೀರ್ಮಾನವಾಯಿತು.

ಕೋಣೆ ಖಾಲಿಯಾಗಲು ಇನ್ನೂ ಕೆಲವು ವಾರ ಬೇಕಿತ್ತು. ಅಲ್ಲಿಯವರೆಗೆ ಹಗಲು ಹೊತ್ತು ಮಾತ್ರ ಬಂದಿರಲಿ, ಜಾಗ ರೂಢಿಯಾಗುತ್ತದೆ ಎಂದರು ಮ್ಯಾನೇಜರು. ಬೆಳಿಗ್ಗೆ ವ್ಯಾನು ಬಂದು ಕರೆದುಕೊಂಡು ಹೋಗುವುದು, ಸಂಜೆ ತಂದು ಬಿಡುವುದು. ತಂಗಿ ಅಲ್ಲಿಯ ತನಕ ಇರುತ್ತೇನೆಂದಳು. ಮೊದಲ ದಿನ ಗುಂಡಿಯಮ್ಮನೂ ವ್ಯಾನಿನಲ್ಲಿ ಹೋದಳು. ಮೂರು ಮಹಡಿ, ಫಿನಾಯಿಲ್ ವಾಸನೆಯ ಕಾರಿಡಾರು, ಕಬ್ಬಿಣದ ಮಂಚಗಳ ನಡುವೆ ಉಂಗುರಕ್ಕೆ ನೇತುಬಿದ್ದ ಹಸಿರು ಪರದೆ. ಎಲ್ಲ ಚೊಕ್ಕಟವಾಗಿತ್ತು. ತೆಗಳಲು ಒಂದು ಕಾರಣ ಸಿಕ್ಕಿದ್ದರೂ ಆಕೆಗೆ ಸಮಾಧಾನವಾಗುತ್ತಿತ್ತು.

ನಾಲ್ಕನೆಯ ದಿನವೋ ಐದನೆಯ ದಿನವೋ ಮಧ್ಯಾಹ್ನ ಹೇಳದೆ ಕೇಳದೆ ಹೋದಳು. ಆಯಾ ಒಬ್ಬಳು ಮೇಷ್ಟ್ರಿಗೆ ಊಟ ಮಾಡಿಸುತ್ತಿದ್ದಳು. ದಪ್ಪ ಮೈಕಟ್ಟಿನ, ನಗುಮುಖದ ಹೆಂಗಸು. ಚಮಚ ತುಂಬಿಸಿ ಬಾಯಿಗಿಡುತ್ತಿದ್ದಳು. ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿ, "ಕ್ಯಾರಿ ಆನ್," ಎಂದರು. "ಆಯ್ತು ಸಾರ್, ಕ್ಯಾರಿ ಆನ್," ಎನ್ನುತ್ತಾ ಆಯಾ ಮುಖವನ್ನು ಮೃದುವಾಗಿ ತನ್ನ ಕಡೆ ತಿರುಗಿಸಿಕೊಂಡು ಇನ್ನೊಂದು ಚಮಚ ಇಟ್ಟಳು. ಕ್ಯಾರಿ ಆನ್. ಇನ್ನೊಂದು ಚಮಚ. ಕೆನ್ನೆ ತುಂಬಿ, ತುಟಿಯ ಮೂಲೆಯಿಂದ ಸೋರಿ, ಕೊರಳಿನ ಬಟ್ಟೆಯ ಮೇಲೆ ಬೀಳುತ್ತಿತ್ತು. ಗುಂಡಿಯಮ್ಮ ಬಾಗಿಲಿನಿಂದ ಮಂಚದ ತನಕ ಬರುವಷ್ಟರಲ್ಲಿ ಮೇಷ್ಟ್ರು ಉಸಿರು ಸಿಕ್ಕಿಕೊಂಡು, ಕೆಂಪಗಾಗಿ, ತಿಂದದ್ದೆಲ್ಲವನ್ನೂ ಹೊರಗೆ ಹಾಕಿದರು.

"ಅವರಿಗೆ ಸಾಕಾಗಿತ್ತು ಕಣಮ್ಮ," ಎಂದಳು ಗುಂಡಿಯಮ್ಮ, ಅವರ ಬಾಯಿ ಒರೆಸುತ್ತಾ.

"ಅವರೇ ಅಲ್ವಾ ಅಮ್ಮ ಕ್ಯಾರಿ ಆನ್ ಅಂದಿದ್ದು? ನಂಗೂ ಅಷ್ಟು ಇಂಗ್ಲಿಷ್ ಬರತ್ತೆ." ಆಯಾಳ ಮುಖ ಬಾಡಿತ್ತು. ಬೇಕೆಂದೇ ಮಾಡಿದವಳಲ್ಲ. ಉಳಿದವರು ಊಟ ಬಿಟ್ಟು ನನಗೆ ಬೈಗುಳ ತರುತ್ತಾರೆ, ಸಾರ್ ಮಾತ್ರ ದಿನಾ ಇನ್ನೂ ಹಾಕು ಎನ್ನುತ್ತಾರೆ ಎಂದು ಅವಳು ಖುಷಿಪಟ್ಟಿದ್ದಳಂತೆ. ಸ್ನಾನದ ಬಿಸಿನೀರಿಗೂ ಹಾಗೇ, ಉಗುರು ಕತ್ತರಿಸುವಾಗಲೂ ಹಾಗೇ. ಎಷ್ಟು ಸಹನೆ ನಿಮ್ಮ ಯಜಮಾನರಿಗೆ ಎಂದಳು. ಗುಂಡಿಯಮ್ಮ ಮೇಷ್ಟ್ರ ಅಂಗಿ ಬಿಚ್ಚಿ ಬೆನ್ನು ನೋಡಿದಳು. ಭುಜದ ಹಿಂದೆ ಅಂಗೈ ಅಗಲ ಚರ್ಮ ಕೆಂಪಗೆ ಕಂದಿತ್ತು. ಆಕೆಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ.

ಆಕೆ ಮ್ಯಾನೇಜರ ಹತ್ತಿರ ಹೋಗಿ ಎಲ್ಲ ಹೇಳಿದಳು. ಎಳೆದರೆ ಇದು, ಗೊಣಗಿದರೆ ಇದು, ಗೋಡೆಗೆ ತಿರುಗಿದರೆ ಇದು. ಮ್ಯಾನೇಜರು ಪಾಪ, ಆಯಾಗಳನ್ನೆಲ್ಲ ಕರೆದು ನಿಲ್ಲಿಸಿ ಆಕೆಯಿಂದಲೇ ಹೇಳಿಸಿದರು. ಆಕೆ ಗಂಡನ ದನಿಯನ್ನು ಒಂದೊಂದಾಗಿ ಅನುಕರಿಸಿ ತೋರಿಸಿದಳು. ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಅವಳನ್ನು ನೋಡಿ ಉಳಿದವರೂ ನಕ್ಕರು, ಕೊನೆಗೆ ಗುಂಡಿಯಮ್ಮನಿಗೂ ನಗು ಬಂತು. ಆದರೆ ಆ ವಾರದ ಆಯಾಗಳು ಮುಂದಿನ ವಾರ ಮೇಲಿನ ಮಹಡಿಗೆ ಹೋದರು, ಮೇಲಿನವರು ಕೆಳಗೆ ಬಂದರು. ಮತ್ತೆ ಹೋದಾಗ ಹೊಸಬರಿಗೆ ಹೊಸದಾಗಿ ಹೇಳಬೇಕಾಯಿತು. ಎಷ್ಟು ಜನಕ್ಕೆ ಅಂತ ಕಲಿಸುವುದು? ಅಷ್ಟು ಜನಕ್ಕೆ ಕಲಿಸುವ ಬದಲು ಒಬ್ಬರಿಗೇ ಕಲಿಸಿದರೆ ಆಗದೇ ಎಂದು ಆಕೆಗೆ ಹೊಳೆದದ್ದು ವ್ಯಾನಿನಲ್ಲಿ ವಾಪಸು ಬರುವಾಗ.

ಮೇಷ್ಟ್ರಿಗೆ ಒಂದೇ ಒಂದು ಮಾತು ಬಂದರೆ ಸಾಕು. ಬೇಡ. ಅದೊಂದು ಬಾಯಲ್ಲಿದ್ದರೆ ಅವರನ್ನು ಎಲ್ಲಿ ಬಿಟ್ಟರೂ ಬದುಕಿಕೊಳ್ಳುತ್ತಾರೆ. ಚಮಚ ನಿಲ್ಲುತ್ತದೆ, ಬಿಸಿನೀರು ನಿಲ್ಲುತ್ತದೆ. ಬೇಕು ಎಂಬುದನ್ನು ಜನ ಹೇಗೋ ಊಹಿಸಿಕೊಳ್ಳುತ್ತಾರೆ. ಬೇಡ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳದಿದ್ದರೆ ಯಾರೂ ನಂಬುವುದಿಲ್ಲ. ಕೋಣೆ ಖಾಲಿಯಾಗುವುದರೊಳಗೆ ಇದನ್ನು ಕಲಿಸಿಯೇ ತೀರಬೇಕು ಎಂದು ಆಕೆ ಹಟ ತೊಟ್ಟಳು.

ಅಂದಿನಿಂದ ಸಂಜೆಗಳು ಶಾಲೆಯಾದವು. ಮೇಷ್ಟ್ರು ದಿಂಬಿಗೆ ಒರಗಿ ವಿದ್ಯಾರ್ಥಿ, ಆಕೆ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಎದುರಿಗೆ ಸ್ಟೂಲಿನ ಮೇಲೆ. ಆಕೆಗೆ ಗೊತ್ತಿದ್ದ ಪಾಠದ ಕ್ರಮ ಒಂದೇ, ಆ ಮನೆಯಲ್ಲಿ ಅಷ್ಟು ವರ್ಷ ಕಿವಿಗೆ ಬಿದ್ದಿದ್ದು. ನಿಜವಾದ ವಾಕ್ಯ ಮಾಡಬೇಕು.

"ನನಗೆ ಬಿಸಿನೀರು ಬೇಡ. ಅನ್ನಿ, ಬೇಡ."

"ಕ್ಯಾರಿ ಆನ್."

"ತುಟಿ ಮುಚ್ಚಿ. ಹೀಗೆ. ಬೇ. ನನಗೆ ಊಟ ಸಾಕು, ಇನ್ನು ಬೇಡ."

"ಕ್ಯಾ... ಕ್ಯಾರಿ ಆನ್."

ಚಮಚದಲ್ಲಿ ನೀರು ತುಂಬಿ ಅವರ ಬಾಯಿಯ ತನಕ ಒಯ್ಯುವಳು. "ಬೇಡ ಅನ್ನಿ, ನಿಲ್ಲಿಸ್ತೀನಿ. ಅಂದ್ರೆ ಸಾಕು, ನಿಂತುಬಿಡತ್ತೆ." ಮೇಷ್ಟ್ರ ಕಣ್ಣು ಚಮಚವನ್ನೇ ನೋಡುವುದು. ಹಣೆಯ ನರ ಉಬ್ಬುವುದು. ತುಟಿಗಳು ಮುಚ್ಚಿ, ನಡುಗಿ, ತೆರೆದುಕೊಂಡಾಗ ಬರುವುದು ಅದೇ ಎರಡು ಪದ. ಒಳಗೆ ಬೇಡ ಇತ್ತು, ಬಾಗಿಲಿನ ತನಕವೂ ಬರುತ್ತಿತ್ತು. ದಾಟುವ ಹೊತ್ತಿಗೆ ಕ್ಯಾರಿ ಆನ್ ಮುಂದೆ ನುಗ್ಗಿಬಿಡುತ್ತಿತ್ತು. ಅದನ್ನು ನೋಡುವುದು ಆಕೆಗೆ ಸಂಕಟವಾಗುತ್ತಿತ್ತು. ಆದರೂ ಚಮಚ ಇಳಿಸುತ್ತಿರಲಿಲ್ಲ.

ಒಂದು ಸಂಜೆ ಹೀಗೆ ಹೇಳಿಸಿ ಹೇಳಿಸಿ ಗಂಟಲು ಒಣಗಿತ್ತು, ಸೊಂಟ ಸಿಡಿಯುತ್ತಿತ್ತು. ಮೇಷ್ಟ್ರು ಪ್ರಯತ್ನವನ್ನೇ ಬಿಟ್ಟು ಬೇರೆಲ್ಲೋ ನೋಡುತ್ತಿದ್ದಂತೆ ಕಂಡಿತು. ಆಕೆ ಪಕ್ಕದಲ್ಲಿದ್ದ ಮರದ ಅಳತೆಕೋಲನ್ನು ತೆಗೆದುಕೊಂಡು ಮಂಚದ ಅಂಚಿಗೆ ರಪ್ಪನೆ ಬಡಿದಳು. "ಇಷ್ಟು ಜನಕ್ಕೆ ಕಲಿಸಿದ್ರಲ್ಲ, ಒಂದು ಮಾತು ಕಲಿಯೋಕೆ ಏನು ಧಾಡಿ?"

ಮೇಷ್ಟ್ರು ಬೆಚ್ಚಿದರು. ಎಡಗೈ ಮುಖಕ್ಕೆ ಅಡ್ಡ ಬಂತು. ಪಕ್ಕದ ಕೋಣೆಯಿಂದ ನಾದಿನಿ ಬಂದು ಬಾಗಿಲಲ್ಲಿ ನಿಂತಳು. ಗುಂಡಿಯಮ್ಮ ಕೋಲನ್ನು ಮಂಚದ ಕೆಳಗೆ ಎಸೆದು ಆ ಎಡಗೈಯನ್ನು ಹಿಡಿದುಕೊಂಡು ಅತ್ತಳು. ತಪ್ಪಾಯ್ತು ಎಂದಳು. ಮೇಷ್ಟ್ರು ತೀರ ಮೆಲ್ಲಗೆ, ಆಕೆ ಹಿಂದೆಂದೂ ಕೇಳದ ಒಂದು ದನಿಯಲ್ಲಿ, "ಕ್ಯಾರಿ ಆನ್," ಎಂದರು. ಅಳು ಎಂದೋ, ಇನ್ನೂ ಕಲಿಸು ಎಂದೋ, ಸಾಕು ಎಂದೋ. ಆಕೆಗೆ ಗೊತ್ತಾಗಲಿಲ್ಲ.

ಮಾರನೆಯ ದಿನವೂ ಪಾಠ ನಡೆಯಿತು, ಕೋಲಿಲ್ಲದೆ. ಒಂದು ಸಲ "ಬೇ" ಎಂಬಷ್ಟು ಬಂತು. ಆಕೆ ತಕ್ಷಣ ಚಮಚ ಇಳಿಸಿ, "ನೋಡಿ, ನಿಂತಿತು," ಎಂದಳು. ಮೇಷ್ಟ್ರ ಮುಖದ ಒಂದು ಪಕ್ಕ ನಕ್ಕಿತು. ಆದರೆ ಅದು ಮತ್ತೆ ಬರಲಿಲ್ಲ. ಕೋಣೆ ಖಾಲಿಯಾಗಿದೆ ಎಂದು ಆರೈಕೆ ಮನೆಯಿಂದ ಫೋನು ಬಂದಾಗ, ಆ ಕೋಣೆಯಲ್ಲಿದ್ದವರು ಏನಾದರು ಎಂದು ಕೇಳುವ ಧೈರ್ಯ ಆಕೆಗಾಗಲಿಲ್ಲ. ಇನ್ನು ಸ್ವಲ್ಪ ದಿನ ತಡೆಯಿರಿ ಎಂದು ನಾದಿನಿಯನ್ನು ಕೇಳಿಕೊಂಡಳು. ನಾದಿನಿಯ ಸ್ವಂತ ಮನೆಯಿಂದಲೂ ಕರೆ ಬರುತ್ತಿತ್ತು. "ನಾನು ಹೋದ ಮರುದಿನ ಅಣ್ಣನ್ನ ಯಾರು ಎತ್ತುತಾರೆ, ಹೇಳಿ ಅತ್ತಿಗೆ. ನೀವು ಹೇಳಿದ ಹಾಗೆ ಮಾಡ್ತೀನಿ," ಎಂದಳು. ಗುಂಡಿಯಮ್ಮ ಮೇಷ್ಟ್ರ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು.

ಹೋಗುವ ಬೆಳಿಗ್ಗೆ ಮೇಷ್ಟ್ರಿಗೆ ಇಸ್ತ್ರಿಯ ಅಂಗಿ ತೊಡಿಸಿದರು. ಗುಂಡಿಗಳನ್ನು ಆಕೆಯೇ ಒಂದೊಂದಾಗಿ ಹಾಕಿದಳು. ವ್ಯಾನಿನಲ್ಲಿ ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ಸುಮ್ಮನಿದ್ದರು, ದಿನದ ಹಾಗೇ ಸಂಜೆ ವಾಪಸು ಬರುತ್ತೇನೆ ಎಂದುಕೊಂಡಿರಬೇಕು. ಕೋಣೆಯಲ್ಲಿ ಅವರ ಬಟ್ಟೆಯ ಪೆಟ್ಟಿಗೆ, ಹೊದಿಕೆ, ರೇಡಿಯೋ ಎಲ್ಲವನ್ನೂ ತಂದು ಜೋಡಿಸುವುದನ್ನು ನೋಡಿದ ಮೇಲೆ ಅವರ ಕಣ್ಣು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಓಡಾಡತೊಡಗಿತು. ಆಮೇಲೆ ಹೆಂಡತಿಯ ಮೇಲೆ ಬಂದು ನಿಂತಿತು.

ಗುಂಡಿಯಮ್ಮ ಹೊಸ ಆಯಾಗೆ ಮತ್ತೊಮ್ಮೆ ಎಲ್ಲ ಹೇಳಿದಳು. ಎಳೆದರೆ ಇದು, ಗೊಣಗಿದರೆ ಇದು. ಆಯಾ ತಲೆಯಾಡಿಸಿದಳು. ಹೊಸಬರನ್ನು ಸೇರಿಸಿದ ದಿನ ಮನೆಯವರು ಹೆಚ್ಚು ಹೊತ್ತು ನಿಲ್ಲಬಾರದು, ನಿಂತಷ್ಟೂ ಕಷ್ಟ ಎಂದು ಮ್ಯಾನೇಜರು ಮೊದಲೇ ತಿಳಿಸಿದ್ದರು. ನಾದಿನಿ ಅಣ್ಣನ ತಲೆ ಸವರಿ ಹೊರಗೆ ಹೋಗಿ ನಿಂತಳು. ಗುಂಡಿಯಮ್ಮ ಸ್ಟೂಲಿನಿಂದ ಕಷ್ಟಪಟ್ಟು ಎದ್ದಳು.

"ಬರ್ತೀನಿ ರೀ. ನಾಳೆ ಬೆಳಿಗ್ಗೇನೇ ಬರ್ತೀನಿ."

ಮೇಷ್ಟ್ರ ಎಡಗೈ ಆಕೆಯ ಮಣಿಕಟ್ಟನ್ನು ಹಿಡಿಯಿತು. ಹಣೆಯ ನರ ಉಬ್ಬಿತು. ತುಟಿಗಳು ಮುಚ್ಚಿದವು, ನಡುಗಿದವು.

"ಬೇಡ," ಎಂದರು ಮೇಷ್ಟ್ರು.

ಸ್ಪಷ್ಟವಾಗಿ, ಒಂದು ಅಕ್ಷರವೂ ತೊದಲದೆ. ಬಾಗಿಲಲ್ಲಿದ್ದ ಮ್ಯಾನೇಜರು ಕೇಳಿ ಒಳಗೆ ಓಡಿಬಂದರು. ಆಯಾ ಸಂತೋಷದಿಂದ ಚಪ್ಪಾಳೆ ತಟ್ಟಿದಳು. "ಸಾರ್, ಮಾತು ಬಂತು ಸಾರ್," ಎಂದು ಮ್ಯಾನೇಜರು ಮಂಚದ ಪಕ್ಕ ಕೂತು, "ಇನ್ನೊಂದ್ಸಲ ಹೇಳಿ," ಎಂದರು. ಹೊರಗಿನಿಂದ ಬಂದ ನಾದಿನಿ ಕಣ್ಣೊರೆಸಿಕೊಂಡು, "ಅತ್ತಿಗೆ, ಕಲಿಸೇಬಿಟ್ರಲ್ಲ ನೀವು," ಎಂದಳು.

ಮೇಷ್ಟ್ರು ಅವರ್ಯಾರನ್ನೂ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಾ, "ಬೇಡ," ಎಂದರು. ಹೇಳಿ ಕಾದರು. ಹೇಳಿದರೆ ಸಾಕು, ನಿಂತುಬಿಡುತ್ತದೆ ಎಂದು ಅಷ್ಟು ಸಂಜೆ ಅವರಿಗೆ ಹೇಳಿಕೊಟ್ಟವಳು ಆಕೆಯೇ.

ಗುಂಡಿಯಮ್ಮನಿಗೆ ಇವರನ್ನು ಎತ್ತಿಕೊಂಡು ಮನೆಗೆ ಓಡಿಬಿಡಬೇಕು ಎನಿಸಿತು. ಸೊಂಟದ ಪಟ್ಟಿ ಬಿಗಿಯುತ್ತಿತ್ತು, ಅದಿಲ್ಲದೆ ನಿಲ್ಲಲೂ ಆಗದ ಮೈ. ಆಕೆ ಇನ್ನೊಂದು ಕೈಯಿಂದ ಮಣಿಕಟ್ಟಿನ ಮೇಲಿದ್ದ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿದ ಕೈಯನ್ನು ಹೊದಿಕೆಯ ಮೇಲಿಟ್ಟು, ಸ್ವಲ್ಪ ಹೊತ್ತು ಅದರ ಮೇಲೆ ತನ್ನ ಕೈಯಿಟ್ಟಿದ್ದು, ತೆಗೆದಳು.

"ಬೇಡ," ಎಂದರು ಮೇಷ್ಟ್ರು.

ಆಕೆ ತಿರುಗಿ ನೋಡದೆ ಬಾಗಿಲು ದಾಟಿದಳು. ನಾದಿನಿ ತೋಳು ಹಿಡಿದುಕೊಂಡಳು. ಕಾರಿಡಾರಿನ ಕೊನೆಯ ತನಕವೂ ಅದು ಕೇಳುತ್ತಿತ್ತು, ಪ್ರತಿ ಸಲವೂ ಸರಿಯಾಗಿ, ತಪ್ಪಿಲ್ಲದೆ. ಪ್ರತಿ ಸಲವೂ ಆಯಾ ನಗುನಗುತ್ತಾ, "ಆಯ್ತು ಸಾರ್, ಆಯ್ತು," ಎನ್ನುತ್ತಿದ್ದಳು.